800 ರೂಪಾಯಿಯ ಅರ್ಜಿ, ಒಂದು ವರ್ಷದ ಪಣ

ಪ್ರಶ್ನೆ: ನಾವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವರು. ಅಪ್ಪನಿಗೆ ಎರಡೂವರೆ ಎಕರೆ ಮಾವಿನ ತೋಪಿದೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ತಂಗಿ ಏಳನೆಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಆಮೇಲೆ ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ 598 ಅಂಕ. ಈಗ ಕೋಲಾರದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಪ್ರಥಮ ವರ್ಷದಲ್ಲಿ ಶೇ 91 ಬಂದಿತ್ತು. ಅವಳ ಭೌತಶಾಸ್ತ್ರದ ಉಪನ್ಯಾಸಕರು ಜೆಇಇ ಬರೆಯಲಿ, ಐಐಟಿಗೆ ಅರ್ಜಿ ಹಾಕಲಿ ಎನ್ನುತ್ತಾರೆ. ಅಪ್ಪ, ‘ಅದೆಲ್ಲ ನಮ್ಮಂಥವರಿಗಲ್ಲ, ಸಿಇಟಿ ಬರೆದರೆ ಸಾಕು’ ಎನ್ನುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, ಎರಡು ವರ್ಷ ಕೋಚಿಂಗ್ ಇಲ್ಲದೆ ಜೆಇಇ ಬರೆಯುವುದು ದಂಡ, ಪಿಯುಸಿ ಮುಗಿಸಿ ಒಂದು ವರ್ಷ ಬೆಂಗಳೂರಿನಲ್ಲಿ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸಿ ಎನ್ನುತ್ತಾರೆ. ವಿಚಾರಿಸಿದರೆ ಹಾಸ್ಟೆಲ್ಲೂ ಸೇರಿ ಎರಡು ಲಕ್ಷ ದಾಟುತ್ತದೆ. ಜೆಇಇ ಹಿಂದೆ ಬಿದ್ದು ಸಿಇಟಿಯೂ ಕೈತಪ್ಪಿದರೆ ಎಂಬುದು ನನ್ನ ಭಯ. ಒಂದು ವೇಳೆ ಐಐಟಿ ಸಿಕ್ಕರೂ ಓದಿಸಲು ನಮ್ಮಿಂದ ಆಗುತ್ತದೆಯೇ? ಅರ್ಜಿ ಹಾಕಿಸಲೋ ಬೇಡವೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಐಐಟಿ, ಎನ್‌ಐಟಿಯಂಥ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಜೆಇಇಗೆ ಅರ್ಜಿ ಹಾಕುವುದು ಒಂದು. ಜೆಇಇಗಾಗಿ ಒಂದು ವರ್ಷವನ್ನು ಪಣಕ್ಕೆ ಇಡುವುದು ಇನ್ನೊಂದು. ಮೊದಲನೆಯದಕ್ಕೆ ಹೆಣ್ಣುಮಕ್ಕಳಿಗೆ ಇತ್ತೀಚಿನ ವರ್ಷಗಳಲ್ಲಿ ಇರುವ ಶುಲ್ಕ ಒಂದು ಸಲಕ್ಕೆ 800 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 500. ಎರಡನೆಯದಕ್ಕೆ ನೀವೇ ಹೇಳಿದಂತೆ ಎರಡು ಲಕ್ಷ, ಜೊತೆಗೆ ಆ ಹುಡುಗಿಯ ಒಂದು ವರ್ಷ. ಮೊದಲನೆಯದಕ್ಕೆ ಹಾಕಿಸಿ ಎಂಬುದೇ ನನ್ನ ಉತ್ತರ. ಎರಡನೆಯದಕ್ಕೆ ಈಗ ಉತ್ತರ ಹೇಳಲು ಯಾರಿಂದಲೂ ಆಗದು. ಜನವರಿಯ ಜೆಇಇ ಕಳೆಯಬೇಕು.

ಜೆಇಇ ಬರೆದವರಿಗೆ ಸಿಇಟಿಯಲ್ಲಿ ಏನೂ ಕಡಿತವಾಗುವುದಿಲ್ಲ. ಜೆಇಇಯ ಮೊದಲ ಹಂತವಾದ ಜೆಇಇ ಮೇನ್ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಸಿಇಟಿ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದರ ಅಂಕ ಇನ್ನೊಂದರಲ್ಲಿ ನಗಣ್ಯ. ಜೆಇಇಯಲ್ಲಿ ಇಪ್ಪತ್ತು ಪರ್ಸೆಂಟೈಲ್, ಅಂದರೆ ಬರೆದ ನೂರು ಮಂದಿಯಲ್ಲಿ ಇಪ್ಪತ್ತು ಮಂದಿಗಿಂತ ಮಾತ್ರ ಮುಂದೆ, ಬಂದರೂ ಸಿಇಟಿ ರ್‍ಯಾಂಕ್‌ಗೆ ಅದರಿಂದ ಧಕ್ಕೆಯಿಲ್ಲ. ಆದರೂ ನಿಮ್ಮ ಭಯ ಪೂರ್ತಿ ಸುಳ್ಳಲ್ಲ. ಜೆಇಇಯಿಂದ ಸಿಇಟಿ ಕೆಡುವುದು ಅರ್ಜಿಯಿಂದಲ್ಲ, ಪಿಯುಸಿ ಅಂಕದ ಮೂಲಕ. ಇದನ್ನು ಲೆಕ್ಕ ಹಾಕಿಯೇ ತೋರಿಸಬೇಕು, ಏಕೆಂದರೆ ಪಾಲಕರ ಸಭೆಗಳಲ್ಲಿ ನಾನು ಇದನ್ನು ಹೇಳಿದಾಗಲೆಲ್ಲ ಅರ್ಧ ಜನ ಹೊಸದಾಗಿ ಕೇಳಿದವರಂತೆ ನೋಡುತ್ತಾರೆ.

ಎಂಜಿನಿಯರಿಂಗ್‌ಗೆ ಸಿಇಟಿ ರ್‍ಯಾಂಕ್ ಬರೀ ಸಿಇಟಿಯಿಂದ ಬರುವುದಿಲ್ಲ. ಅರ್ಧ ಪಾಲು ಸಿಇಟಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 180 ಅಂಕಗಳದ್ದು. ಉಳಿದರ್ಧ ದ್ವಿತೀಯ ಪಿಯುಸಿಯ ಅದೇ ಮೂರು ವಿಷಯಗಳ 300 ಅಂಕಗಳದ್ದು. ನಿಮ್ಮ ತಂಗಿಗೆ ಪಿಯುಸಿಯಲ್ಲಿ 270 ಬಂದು, ಸಿಇಟಿಯಲ್ಲಿ 110 ಬಂತು ಎಂದುಕೊಳ್ಳಿ. ಪಿಯುಸಿ ಶೇ 90, ಅದರ ಅರ್ಧ 45. ಸಿಇಟಿ ಶೇ 61ಕ್ಕೆ ತುಸು ಮೇಲೆ, ಅದರ ಅರ್ಧ ಸುಮಾರು ಮೂವತ್ತೂವರೆ. ಒಟ್ಟು ಎಪ್ಪತ್ತೈದೂವರೆ. ಈಗ ಜೆಇಇಯ ದಪ್ಪ ಪುಸ್ತಕಗಳಲ್ಲಿ ಮುಳುಗಿ ಪಿಯುಸಿ ಅಂಕ 240ಕ್ಕೆ ಇಳಿಯಿತೆನ್ನಿ. ಹೋದ 30 ಅಂಕವನ್ನು ಸರಿದೂಗಿಸಲು ಸಿಇಟಿಯಲ್ಲಿ 18 ಅಂಕ ಹೆಚ್ಚು ತೆಗೆಯಬೇಕು. ಸಿಇಟಿಯಲ್ಲಿ ನೂರರ ಮೇಲೆ ಒಂದೊಂದು ಅಂಕ ಏರಿಸುವುದು ಎಷ್ಟು ಕಷ್ಟ ಎಂಬುದು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದ ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ಪಿಯುಸಿಯಲ್ಲಿ ಮೂವತ್ತು ಅಂಕ ಹೋಗುವುದು ಮಾತ್ರ ಎಷ್ಟು ಸುಲಭ! ಎರಡು ಸೂತ್ರಗಳ ವ್ಯುತ್ಪತ್ತಿ (ಡೆರಿವೇಷನ್) ಮರೆತರೆ, ಪ್ರಾಯೋಗಿಕ ಪರೀಕ್ಷೆಯ ದಾಖಲೆ ಪುಸ್ತಕ ತಡವಾದರೆ ಸಾಕು.

ಪಿಯುಸಿಯನ್ನು ಕಡೆಗಣಿಸಿ ಜೆಇಇ ಹಿಡಿದವರಿಗೆ ಇನ್ನೊಂದು ಕೊಕ್ಕೆಯೂ ಇದೆ. ಐಐಟಿ, ಎನ್‌ಐಟಿಗೆ ರ್‍ಯಾಂಕ್ ಬಂದರೂ ಹನ್ನೆರಡನೇ ತರಗತಿಯಲ್ಲಿ ಶೇ 75 ಇರಬೇಕು, ಇಲ್ಲವೇ ತನ್ನ ಮಂಡಳಿಯ ಮೊದಲ ಶೇ 20ರೊಳಗೆ ಇರಬೇಕು. ಪರಿಶಿಷ್ಟರಿಗೆ ಈ ಮಿತಿ ಶೇ 65. ಹೀಗಾಗಿ ಯಾವ ದಾರಿ ಹಿಡಿದರೂ ಪಿಯುಸಿ ಪುಸ್ತಕ ಮೇಜಿನ ಮೇಲಿಂದ ಎದ್ದು ಹೋಗುವಂತಿಲ್ಲ.

ನಿಮ್ಮ ಜೊತೆಗಾರರ ಮಾತಿಗೆ ಬರುತ್ತೇನೆ. ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಜೆಇಇ ಆಗದು ಎಂಬುದು ಹಳೆಯ ಕಾಲದ ಮಾತು. ನಮ್ಮ ಪಿಯು ವಿಜ್ಞಾನದ ಪಠ್ಯ ಸಿಬಿಎಸ್‌ಇ ಶಾಲೆಗಳಲ್ಲಿ ಬಳಸುವ ಎನ್‌ಸಿಇಆರ್‌ಟಿ ಆಗಿ ವರ್ಷಗಳೇ ಕಳೆದವು. ಪಾಠ ಒಂದೇ, ಕೇಳುವ ರೀತಿ ಬೇರೆ. ಕೆಪಾಸಿಟರ್ ಪಾಠವನ್ನೇ ತೆಗೆದುಕೊಳ್ಳಿ. ಪಿಯುಸಿ ಪರೀಕ್ಷೆ ಸಮಾಂತರ ಫಲಕಗಳ ಕೆಪಾಸಿಟರ್‌ನ ಧಾರಕತೆಯ ಸೂತ್ರವನ್ನು ಹಂತ ಹಂತವಾಗಿ ಪಡೆದು ಬರೆಯಿರಿ ಎನ್ನುತ್ತದೆ. ಸಿಇಟಿ ಫಲಕಗಳ ನಡುವಿನ ಅಂತರ ಅರ್ಧವಾದರೆ ಧಾರಕತೆ ಎಷ್ಟಾಗುತ್ತದೆ ಎನ್ನುತ್ತದೆ. ಸೂತ್ರ ನೆನಪಿದ್ದರೆ ಹತ್ತು ಸೆಕೆಂಡಿನ ಕೆಲಸ. ಜೆಇಇ, ಬ್ಯಾಟರಿ ತೆಗೆದ ಮೇಲೆ ಫಲಕಗಳ ನಡುವಿನ ಅರ್ಧ ಜಾಗಕ್ಕೆ ಮಾತ್ರ ಅವಾಹಕದ ಹಲಗೆ ತುರುಕಿದರೆ ಶೇಖರವಾದ ಶಕ್ತಿ ಎಷ್ಟು ಪಟ್ಟು ಬದಲಾಗುತ್ತದೆ ಎನ್ನುತ್ತದೆ. ಇಲ್ಲಿ ಸೂತ್ರಕ್ಕಿಂತ ಮೊದಲು ಒಂದು ಮಾತು ಹೊಳೆಯಬೇಕು: ಬ್ಯಾಟರಿ ಇಲ್ಲ ಎಂದರೆ ಆವೇಶ ಬದಲಾಗದು. ಅದು ಹೊಳೆದ ವಿದ್ಯಾರ್ಥಿಗೆ ಉಳಿದದ್ದು ಕೂಡಿ ಕಳೆಯುವ ಲೆಕ್ಕ.

ವೇಗವೂ ಬೇರೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದ್ದಕ್ಕೂ ಗುರುತು ಹಾಕಿ ಬರಬಹುದು, ಹಾಕಲೇಬೇಕು. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ. ಅಲ್ಲಿ ಯಾವುದನ್ನು ಬಿಡಬೇಕು ಎಂಬುದೇ ಒಂದು ವಿದ್ಯೆ. ಜನವರಿಯ ಜೆಇಇ ಅಭ್ಯಾಸಬಲದಲ್ಲಿ ಏಪ್ರಿಲ್‌ನ ಸಿಇಟಿಗೆ ಕೂತ ಮಕ್ಕಳು ಸಂಶಯಾಸ್ಪದ ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದದ್ದನ್ನು ನೋಡಿದ್ದೇನೆ. ಆ ಎಚ್ಚರಿಕೆ ತಂಗಿಗೆ ಹೇಳಿಡಿ.

ಕೋಚಿಂಗ್ ಬೇಡವೇ ಬೇಡ ಎನ್ನುವವನು ನಾನಲ್ಲ. ಪಾಠ ಚೆನ್ನಾಗಿ ಆಗದ ಕಾಲೇಜಿನಲ್ಲಿರುವ ಹುಡುಗಿಗೆ ಅದರಿಂದ ಉಪಕಾರವಿದೆ. ಆದರೆ ಕೋಚಿಂಗ್ ಕೊಡುವುದು ಮುಖ್ಯವಾಗಿ ಎರಡನ್ನು: ವಾರ ವಾರ ಪರೀಕ್ಷೆ ಬರೆಸುವ ಶಿಸ್ತು, ತಪ್ಪಿದ ಲೆಕ್ಕವನ್ನು ತಿದ್ದುವ ಒಬ್ಬ ಮನುಷ್ಯ. ನಿಮ್ಮ ತಂಗಿಗೆ ಎರಡನೆಯದು ಆಗಲೇ ಸಿಕ್ಕಿದ್ದಾರೆ, ಆ ಭೌತಶಾಸ್ತ್ರದ ಉಪನ್ಯಾಸಕರು. ಹಿಂದಿನ ವರ್ಷಗಳ ಜೆಇಇ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ವಾರಕ್ಕೆ ಒಂದನ್ನು ಗಡಿಯಾರ ಇಟ್ಟುಕೊಂಡು ಬರೆದು, ತಪ್ಪಾದ ಲೆಕ್ಕಗಳನ್ನು ಅವರ ಬಳಿ ಒಯ್ಯಲಿ. ವಿದ್ಯಾರ್ಥಿ ತಾನಾಗಿ ಲೆಕ್ಕ ಹಿಡಿದುಕೊಂಡು ಬಂದರೆ ಬೇಡವೆನ್ನುವ ಮೇಷ್ಟ್ರನ್ನು ನಾನು ಇನ್ನೂ ಕಂಡಿಲ್ಲ.

ಕನ್ನಡ ಮಾಧ್ಯಮದ ಬಗ್ಗೆ ನೀವು ಕೇಳಲಿಲ್ಲ, ಆದರೆ ಪತ್ರದಲ್ಲಿ ಅದನ್ನು ಕುಂದು ಎಂಬಂತೆ ಬರೆದಿದ್ದೀರಿ. ಜೆಇಇ ಮೇನ್ ಅನ್ನು ಕನ್ನಡದಲ್ಲೂ ಬರೆಯಬಹುದು, ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್‌ನಲ್ಲಿರುವ ಪ್ರಶ್ನೆಯೇ ಅಂತಿಮ. ಐಐಟಿಗೆಂದು ಮೇನ್ ಆದ ಮೇಲೆ ಬರೆಯುವ ಎರಡನೇ ಹಂತ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಎರಡು ವರ್ಷ ಇಂಗ್ಲಿಷ್‌ನಲ್ಲೇ ವಿಜ್ಞಾನ ಓದಿದ ಹುಡುಗಿ ಇಂಗ್ಲಿಷ್‌ನಲ್ಲೇ ಬರೆಯುವುದು ಕ್ಷೇಮ ಎನಿಸುತ್ತದೆ. ಆದರೆ ಸಿಇಟಿಯಲ್ಲಿ ಅದೇ ಕನ್ನಡ ಮಾಧ್ಯಮ ಆಸ್ತಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಸೀಟು ಮೀಸಲಿವೆ. ಎರಡು ಲಕ್ಷ ಕೊಟ್ಟು ಕೊಳ್ಳುವ ಕೋಚಿಂಗ್‌ಗಿಂತ ಈ ಎರಡು ಮೀಸಲಾತಿಯ ಕಾಗದಗಳು ಅವಳನ್ನು ಹೆಚ್ಚು ದೂರ ಒಯ್ಯಬಲ್ಲವು.

ಐಐಟಿ, ಎನ್‌ಐಟಿಗಳ ಸೀಟು ಹಂಚಿಕೆಯಲ್ಲಿ ಈ ಎರಡೂ ಇಲ್ಲ. ಅಲ್ಲಿ ಕೇಂದ್ರದ ಮೀಸಲಾತಿ ನಡೆಯುತ್ತದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಿಮ್ಮದು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಸಿಇಟಿಗೆ ಕೊಡುವ ಜಾತಿ ಆದಾಯ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ, ಕೇಂದ್ರದ ನಮೂನೆಯಲ್ಲೇ, ಪ್ರವೇಶದ ವರ್ಷದ ಏಪ್ರಿಲ್ 1ರ ನಂತರ ತಹಶೀಲ್ದಾರರಿಂದ ಪಡೆದದ್ದು ಬೇಕು. ಮೇ, ಜೂನ್‌ನಲ್ಲಿ ನಾಡಕಚೇರಿಯ ಮುಂದೆ ಸಾಲು ನಿಲ್ಲುವುದಕ್ಕಿಂತ ಏಪ್ರಿಲ್‌ನಲ್ಲೇ ಅರ್ಜಿ ಕೊಡಿ.

ಸೀಟುಗಳ ಲೆಕ್ಕ ಕೇಳಿ. 2024ರಲ್ಲೂ 2025ರಲ್ಲೂ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎರಡೂವರೆ ಲಕ್ಷ ಮಂದಿಗೆ ಅಡ್ವಾನ್ಸ್ಡ್ ಬರೆಯುವ ಅರ್ಹತೆ. ಎಲ್ಲ ಐಐಟಿಗಳ ಸೀಟು ಸೇರಿದರೆ ಸುಮಾರು 18 ಸಾವಿರ. ಆ ಎರಡು ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ ಅಡ್ವಾನ್ಸ್ಡ್ ಬಾಗಿಲು ತೆರೆದದ್ದು 93 ಪರ್ಸೆಂಟೈಲ್‌ನ ಆಸುಪಾಸಿನಲ್ಲಿ. ‘ಮಗು ಅಡ್ವಾನ್ಸ್ಡ್‌ಗೆ ಕ್ವಾಲಿಫೈ ಆಯಿತು’ ಎಂದು ಊರಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರಲ್ಲ, ಅದು ಇನ್ನೊಂದು ಪರೀಕ್ಷೆ ಬರೆಯಲು ಸಿಕ್ಕ ಅನುಮತಿ ಅಷ್ಟೇ. ಐಐಟಿಯೊಂದೇ ಗುರಿ ಎಂದರೆ ನಿಮ್ಮಪ್ಪನ ಸಂಶಯ ನ್ಯಾಯವಾದದ್ದೇ. ಆದರೆ ಜೆಇಇ ಎಂದರೆ ಐಐಟಿ ಮಾತ್ರವಲ್ಲ. ಸುರತ್ಕಲ್‌ನ ಎನ್‌ಐಟಿಗೆ ಮೇನ್ ರ್‍ಯಾಂಕ್ ಸಾಕು, ಅಲ್ಲಿ ಅರ್ಧ ಸೀಟು ಕರ್ನಾಟಕದಲ್ಲಿ ಹನ್ನೆರಡನೇ ತರಗತಿ ಪಾಸಾದವರಿಗೆ. ಧಾರವಾಡ, ರಾಯಚೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಾದ ಐಐಐಟಿಗಳಿಗೂ ಅದೇ ರ್‍ಯಾಂಕ್. ಹೆಣ್ಣುಮಕ್ಕಳ ಪ್ರಮಾಣ ಹೆಚ್ಚಿಸಲೆಂದು ಐಐಟಿ, ಎನ್‌ಐಟಿಗಳಲ್ಲಿ ಅವರಿಗಾಗಿಯೇ ಹೆಚ್ಚುವರಿ ಸೀಟುಗಳನ್ನೂ ಇಟ್ಟಿದ್ದಾರೆ. ಅದೇ ಅಂಕಕ್ಕೆ ಹುಡುಗನಿಗೆ ಸಿಗದ ಸೀಟು ಹುಡುಗಿಗೆ ಸಿಗುವುದುಂಟು.

ಇಲ್ಲೊಂದು ಮಾತು, ನಿಮಗಲ್ಲ, ಗಡಿ ತಾಲ್ಲೂಕುಗಳ ಬೇರೆ ಪಾಲಕರಿಗೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಮಕ್ಕಳನ್ನು ಹತ್ತನೇ ತರಗತಿ ಮುಗಿದೊಡನೆ ಆಂಧ್ರದ ಕಾಲೇಜುಗಳಿಗೆ ಕಳಿಸುವ ರೂಢಿಯಿದೆ. ಹನ್ನೆರಡನೆಯದನ್ನು ಅಲ್ಲಿ ಪಾಸಾದರೆ ಸುರತ್ಕಲ್‌ನ ರಾಜ್ಯದ ಪಾಲು ಕೈಬಿಟ್ಟಂತೆ. ಕಳಿಸುವ ಮೊದಲು ಇದು ತಿಳಿದಿರಲಿ.

ಹಣದ ಮಾತು. ಐಐಟಿಯ ಬೋಧನಾ ಶುಲ್ಕ ವರ್ಷಕ್ಕೆ ಎರಡು ಲಕ್ಷ ಎಂದು ಕೇಳಿ ಎಷ್ಟೋ ಮನೆಗಳವರು ಅಲ್ಲಿಗೇ ಕೈಬಿಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೂ, ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷದೊಳಗೆ ಇರುವವರಿಗೂ ಅದು ಪೂರ್ತಿ ಮನ್ನಾ. ಐದು ಲಕ್ಷದೊಳಗೆ ಇದ್ದರೆ ಮೂರನೇ ಎರಡು ಭಾಗ ಮನ್ನಾ. ಹಾಸ್ಟೆಲ್, ಊಟದ ಖರ್ಚು ಉಳಿಯುತ್ತದೆ. ಅದಕ್ಕೆ ಬ್ಯಾಂಕುಗಳು ಇಂಥ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದೆ ಸಾಲ ಕೊಡುತ್ತವೆ. ತೋಪು ಮಾರಬೇಕಾದ ಸಂದರ್ಭ ಖಂಡಿತ ಬಾರದು. ನಿಜ ಹೇಳಬೇಕೆಂದರೆ, ಸಾಧಾರಣ ರ್‍ಯಾಂಕ್ ಬಂದು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗುವವರ ಮನೆಯ ಖರ್ಚು ಐಐಟಿಗೆ ಹೋದವರಿಗಿಂತ ಹೆಚ್ಚು.

ಸಿಇಟಿ ಕಡೆ ನೋಡಿದರೆ, ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಶುರುವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಬೆಂಗಳೂರಿನ ಕೆ.ಆರ್. ವೃತ್ತದಲ್ಲಿದೆ. ಈಗ ಅದು ತಾನೇ ಒಂದು ವಿಶ್ವವಿದ್ಯಾಲಯ. ಸರ್ಕಾರಿ ಶುಲ್ಕ, ಕೋಲಾರಕ್ಕೆ ಬಸ್ಸು ರೈಲು ಎರಡೂ ಉಂಟು. ಬೆಂಗಳೂರಿನ ಕೆಲವು ಹಳೆಯ ಕಾಲೇಜುಗಳ ಅನುದಾನಿತ ಸೀಟುಗಳಿಗೂ ಶುಲ್ಕ ಕಡಿಮೆ. ಮನೆಯ ಹತ್ತಿರವೇ ಇರಲಿ ಎಂದರೆ ಚಿಕ್ಕಬಳ್ಳಾಪುರದ ಎಸ್‌ಜೆಸಿ ಎಂಜಿನಿಯರಿಂಗ್ ಕಾಲೇಜು ಇದೆ, ಸ್ವಲ್ಪ ದೂರವಾದರೂ ಆಗಲಿ ಎಂದರೆ 1963ರಿಂದ ನಡೆಯುತ್ತಿರುವ ತುಮಕೂರಿನ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು ಇದೆ. ಖಾಸಗಿ ಕಾಲೇಜುಗಳೇ ಸೇರಿ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಸೀಟುಗಳ ಶುಲ್ಕ ಸಿಇಟಿ ಸೀಟಿಗಿಂತ ಎಷ್ಟೋ ಹೆಚ್ಚು, ನಿಮಗೆ ಅದರ ಗೊಡವೆ ಬೇಡ.

ಹಾಗಾದರೆ ಏನು ಮಾಡಬೇಕು? ಸಿಇಟಿ ಮಾತ್ರ ಬರೆಸಿದರೆ ನೆಮ್ಮದಿ ಇದೆ, ಆದರೆ ಸುರತ್ಕಲ್‌ನಂಥ ಬಾಗಿಲನ್ನು ತಟ್ಟದೆಯೇ ಹಿಂದಿರುಗಿದಂತೆ. ನನ್ನ ಆಯ್ಕೆ ನಡುವಿನದು. ಪಿಯುಸಿ ಮತ್ತು ಸಿಇಟಿಯನ್ನು ತಳಪಾಯವಾಗಿಟ್ಟು, ಜನವರಿಯ ಜೆಇಇ ಮೇನ್ ಅನ್ನು ಅಳತೆಗೋಲಾಗಿ ಬರೆಸಿ. ಗಂಡಾಂತರ ಇಲ್ಲದಿಲ್ಲ. ಜನವರಿಯ ಕೊನೆ ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆಯ ಕಾಲ, ಮಗು ದಣಿಯುತ್ತದೆ. ಫಲಿತಾಂಶ ಕಡಿಮೆ ಬಂದರೆ ಮನಸ್ಸು ಕುಗ್ಗುತ್ತದೆ, ಅದು ಮಾರ್ಚಿನ ಪರೀಕ್ಷೆಗೂ ತಾಗಬಹುದು. ಅದಕ್ಕೇ ಮೊದಲೇ ಹೇಳಿಬಿಡಿ, ಇದು ಅಳೆದು ನೋಡುವುದಕ್ಕೆ ಎಂದು. ಜನವರಿಯಲ್ಲಿ ತಕ್ಕಮಟ್ಟಿಗೆ ಬಂದರೆ ಏಪ್ರಿಲ್‌ನ ಎರಡನೇ ಸರದಿಯನ್ನೂ ಬರೆಯಲಿ, ಎರಡರಲ್ಲಿ ಹೆಚ್ಚು ಬಂದದ್ದೇ ಗಣನೆಗೆ ಬರುತ್ತದೆ. ತೀರಾ ಕಡಿಮೆ ಬಂದರೆ ಆ ಪುಸ್ತಕಗಳನ್ನು ಕಟ್ಟಿಟ್ಟು ಸಿಇಟಿಗೆ ತಿರುಗಲಿ.

ಲಾಂಗ್ ಟರ್ಮ್ ಬಗ್ಗೆ ನಾನು ಕಠಿಣವಾಗಿ ಮಾತಾಡುವವನು. ಮೊದಲ ಸಲವೇ 95ರ ಮೇಲೆ ಪರ್ಸೆಂಟೈಲ್ ತೆಗೆದು, ಇನ್ನೊಂದು ವರ್ಷ ಕೂರುತ್ತೇನೆ ಎಂದು ತಾನೇ ಹಟ ಹಿಡಿಯುವ ಮಗುವಿಗೆ ಅದು ಅರ್ಥವುಳ್ಳ ಸಾಹಸ. 70ರಲ್ಲಿ ನಿಂತ ಮಗುವನ್ನು ಹಾಸ್ಟೆಲ್‌ಗೆ ಹಾಕಿ 99ಕ್ಕೆ ಏರಿಸಬಹುದೆಂಬುದು ಜಾಹೀರಾತಿನ ಮಾತು. ಅಲ್ಲದೆ ಮುಂದಿನ ವರ್ಷ ಸಿಇಟಿಯನ್ನು ಮತ್ತೆ ಬರೆದರೂ ಪಿಯುಸಿಯ ಅರ್ಧ ಪಾಲು ಹಳೆಯ ಅಂಕಗಳದ್ದೇ. ಅಡ್ವಾನ್ಸ್ಡ್ ಬರೆಯಲು ಸತತ ಎರಡು ವರ್ಷಗಳ ಅವಕಾಶ ಮಾತ್ರ. ಒಂದು ವರ್ಷ ಗೆಳತಿಯರೆಲ್ಲ ಕಾಲೇಜಿಗೆ ಹೋಗುವಾಗ ಕೋಣೆಯಲ್ಲಿ ಕೂತು ಓದುವುದು ಎಲ್ಲರಿಗೂ ಒಗ್ಗುವುದಿಲ್ಲ, ಅದರಲ್ಲೂ ‘ನಿನಗಾಗಿ ಎರಡು ಲಕ್ಷ ಸುರಿದಿದ್ದೇವೆ’ ಎಂಬ ಮಾತು ಮನೆಯಿಂದ ಆಗಾಗ ಬರುತ್ತಿದ್ದರೆ.

ಇದನ್ನು ಹೇಳುವಾಗ ಒಂದು ಗಮನಿಸಿದೆ. ನಿಮ್ಮ ಪತ್ರದಲ್ಲಿ ಅಪ್ಪ ಇದ್ದಾರೆ, ಉಪನ್ಯಾಸಕರಿದ್ದಾರೆ, ಕಾರ್ಖಾನೆಯ ಜೊತೆಗಾರರಿದ್ದಾರೆ. ತಂಗಿಗೆ ಯಾವ ವಿಷಯ ಇಷ್ಟ, ಅವಳಿಗೆ ಊರು ಬಿಟ್ಟು ದೂರ ಹೋಗುವ ಮನಸ್ಸಿದೆಯೇ, ಎಂಜಿನಿಯರಿಂಗೇ ಬೇಕೇ ಎಂಬುದು ಎಲ್ಲೂ ಇಲ್ಲ. ಅಪ್ಪನ ಎದುರು ಕೇಳಬೇಡಿ. ಭಾನುವಾರ ಬಿಡುವಿದ್ದಾಗ ನೀವೊಬ್ಬರೇ ಕೇಳಿ, ಉತ್ತರ ‘ನೀನು ಹೇಳಿದ ಹಾಗೆ ಅಣ್ಣಾ’ ಎಂದು ಬಂದರೆ ಅದನ್ನು ಉತ್ತರ ಎಂದು ತೆಗೆದುಕೊಳ್ಳಬೇಡಿ.

ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ನೀವೇ ಮುಂದೆ ನಿಂತು ನಡೆಸುವವರಾದ್ದರಿಂದ ಎರಡು ಮಾತು. ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವ ಆಪ್ಷನ್ ಎಂಟ್ರಿಯಲ್ಲಿ, ಸಿಗಲಾರದ ಕಾಲೇಜನ್ನು ಮೊದಲು ಹಾಕಿದರೆ ಸಿಗುವುದೂ ತಪ್ಪುತ್ತದೆ ಎಂಬ ನಂಬಿಕೆ ಸೈಬರ್ ಸೆಂಟರ್‌ಗಳಲ್ಲಿ ಇಂದಿಗೂ ಓಡಾಡುತ್ತದೆ. ಶುದ್ಧ ಸುಳ್ಳು. ಯಂತ್ರ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತ ಬಂದು ಅವಳ ರ್‍ಯಾಂಕ್‌ಗೆ ಮೊದಲು ಸಿಕ್ಕುವುದನ್ನು ಕೊಡುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ಕುತ್ತಿಲ್ಲ. ಹಾಗಾಗಿ ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕಿ, ಉದ್ದ ಹಾಕಿ. ಸಿಕ್ಕರೂ ಸೇರಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಪಟ್ಟಿಯಲ್ಲೇ ಇಡಬೇಡಿ. ಸೀಟು ಬಂದ ಮೇಲೆ ಅದನ್ನು ಉಳಿಸಿಕೊಂಡೇ ಮೇಲಿನದಕ್ಕೆ ಕಾಯಬೇಕಾದರೆ ಎರಡನೇ ಛಾಯ್ಸ್ ಒತ್ತಬೇಕು. ಮೂರನೆಯದನ್ನು ಒತ್ತಿದರೆ ಕೈಯಲ್ಲಿರುವ ಸೀಟು ಹೋಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಒಳ್ಳೆಯ ಸೀಟು ಕಳೆದುಕೊಂಡು ಕಾಲೇಜಿನ ಮೆಟ್ಟಿಲ ಮೇಲೆ ಅತ್ತವರನ್ನು ಪ್ರತಿ ವರ್ಷ ನೋಡುತ್ತೇನೆ.

ಅಂದ ಹಾಗೆ, ಡಿಪ್ಲೊಮಾ ಮುಗಿಸಿದ ನಿಮಗೂ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ತಂಗಿಯನ್ನು ಓದಿಸುವ ಭಾರ ನಿಮ್ಮ ಮೇಲಿದೆ ಎಂದು ಪತ್ರದಿಂದ ಗೊತ್ತಾಗುತ್ತದೆ. ಅವಳಿಗೆ ಶುಲ್ಕ ಕಡಿಮೆಯ ಸೀಟು ಸಿಕ್ಕರೆ ಆ ಯೋಚನೆ ಮಾಡಿ.

ಈ ತಿಂಗಳೇ ಆಗಬೇಕಾದ ಕೆಲಸ ಒಂದಿದೆ. ಮುಳಬಾಗಿಲು ಕಡೆಯ ಹುಡುಗನೊಬ್ಬ ಏಳನೇ ತರಗತಿಯನ್ನು ಮಾತ್ರ ಪಟ್ಟಣದ ಮಾವನ ಮನೆಯಲ್ಲಿದ್ದು ಓದಿದ್ದ. ಉಳಿದ ಒಂಬತ್ತು ವರ್ಷ ಹಳ್ಳಿಯಲ್ಲೇ. ಅರ್ಜಿಯಲ್ಲಿ ಗ್ರಾಮೀಣ ಎಂದು ಗುರುತು ಹಾಕಿದ್ದ, ದಾಖಲೆ ಪರಿಶೀಲನೆಯಲ್ಲಿ ಆ ಒಂದು ವರ್ಷಕ್ಕೆ ಗ್ರಾಮೀಣ ಮೀಸಲಾತಿ ಪೂರ್ತಿ ಹೋಯಿತು. ನಿಮ್ಮ ತಂಗಿ ಓದಿದ ಹೋಬಳಿ ಕೇಂದ್ರ ಈಚೆಗೆ ಪಟ್ಟಣ ಪಂಚಾಯಿತಿ ವ್ಯಾಪ್ತಿಗೆ ಸೇರಿದೆಯೇ, ಅವಳು ಓದುವಾಗ ಅದು ಗ್ರಾಮ ಪಂಚಾಯಿತಿಯಲ್ಲೇ ಇತ್ತೇ ಎಂದು ವಿಚಾರಿಸಿ. ಎರಡೂ ಶಾಲೆಗಳಿಗೆ ಹೋಗಿ ದಾಖಲಾತಿಯಲ್ಲಿ ಹೆಸರು, ಹುಟ್ಟಿದ ದಿನಾಂಕ, ಮಾಧ್ಯಮ ಸರಿಯಾಗಿವೆಯೇ ನೋಡಿ, ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಳ್ಳಿ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಆಗಬೇಕು. ಸಿಇಟಿ ಅರ್ಜಿ ಶುರುವಾದ ಮೇಲೆ ಅವರ ಕಚೇರಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ, ಈಗ ಹೋದರೆ ಒಂದೇ ದಿನದಲ್ಲಿ ಮುಗಿಯುತ್ತದೆ.